ಕುದಿಸಿ ಬಡಿಸಿದ ಮೇಲೂ ಹೊಟ್ಟೆ ಕೆಟ್ಟಿದ್ದು ಹೇಗೆ? (ನಾಮಕರಣದ ಊಟ, ವಾಂತಿ, ಬೇಧಿ)

ಮೂರ್ನಾಡು ಮಳೆ

ಎಲ್ಲರಿಗೂ ನಮಸ್ಕಾರ. ತಿಳಿದವರು ಯಾರಾದರೂ ಉತ್ತರ ಕೊಡಿ. ಮನೆಯಲ್ಲಿ ಜಗಳ ನಿಲ್ಲುತ್ತಿಲ್ಲ.

ಭಾನುವಾರ ಅಣ್ಣನ ಮಗುವಿನ ನಾಮಕರಣ ಇತ್ತು. ಊಟ ಆಗಿ ಎರಡು ಮೂರು ಗಂಟೆಗೆಲ್ಲ ಮಕ್ಕಳು ಒಬ್ಬರ ಹಿಂದೆ ಒಬ್ಬರು ವಾಂತಿ ಶುರು ಮಾಡಿದರು. ದೊಡ್ಡವರೂ ನಾಲ್ಕೈದು ಜನ. ರಾತ್ರಿಯ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡರು. ಸದ್ಯ ಮುಗಿಯಿತು ಅಂತ ಮಲಗಿದರೆ, ನಡುರಾತ್ರಿ ಕಳೆದ ಮೇಲೆ ಬೇರೆಯದೇ ಗುಂಪಿಗೆ ಹೊಟ್ಟೆ ನುಲಿತ, ನೀರು ನೀರಾಗಿ ಬೇಧಿ. ಇವರಿಗೆ ವಾಂತಿ ಇಲ್ಲ, ಜ್ವರವೂ ಇಲ್ಲ. ಒಂದೇ ಪಂಕ್ತಿಯಲ್ಲಿ ಕೂತು ಉಂಡವರು!

ದೊಡ್ಡಮ್ಮ ಬಾವಿ ನೀರು ಅಂತಾರೆ. ಮಾವ ಕಣ್ಣು ಬಿದ್ದಿದೆ ಅಂತಾರೆ. ಅಡುಗೆ ಮಾಡಿದ ಅತ್ತೆ ಯಾರ ಹತ್ತಿರವೂ ಮಾತಾಡುತ್ತಿಲ್ಲ. ಪಂದಿ ಕರಿಯನ್ನು (ಹಂದಿ ಮಾಂಸದ ಅಡುಗೆ) ಮಧ್ಯಾಹ್ನ ಮತ್ತೆ ಕುದಿಸಿಯೇ ಬಡಿಸಿದ್ದು. ಕುದಿಸಿದರೆ ಕ್ರಿಮಿ ಸಾಯುತ್ತೆ ಅಲ್ವಾ? ಮತ್ತೆ ಹೇಗಾಯಿತು?

ಕಾಳುಮೆಣಸು

ಬಾವಿ ನೀರೇ. ಈ ಮಳೆಗೆ ತೋಟದ ಕೊಚ್ಚೆಯೆಲ್ಲ ಬಾವಿಗೆ ಇಳಿಯುತ್ತದೆ. ನೀರು ಕಾಯಿಸಿ ಕುಡಿಯಿರಿ, ಮುಗಿಯಿತು. ಪಂದಿ ಕರಿಗೆ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಹಾಕಿರುತ್ತೀರಲ್ಲ, ಅದರಲ್ಲಿ ಯಾವ ಕ್ರಿಮಿಯೂ ಬದುಕಲ್ಲ. ನಮ್ಮ ಅಜ್ಜಂದಿರ ಕಾಲದಿಂದ ರಾತ್ರಿ ಮಾಡಿ ಮರುದಿನ ತಿಂದವರೇ ನಾವು.

ಪೆಟ್ರಿತಟ್ಟೆ

ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನೀರಿನ ಮಾತು ಆಮೇಲೆ. ಈ ನಾಲ್ಕಕ್ಕೆ ಉತ್ತರ ಬೇಕು. ವಾಂತಿ ಮಾಡಿದವರು ತಿಂದು, ಉಳಿದವರು ತಿನ್ನದೇ ಬಿಟ್ಟಿದ್ದು ಏನು? ಬೇಧಿ ಆದವರಲ್ಲಿ ಸಸ್ಯಾಹಾರಿಗಳು ಇದ್ದಾರಾ? ಕರಿ ಯಾವಾಗ ಬೇಯಿಸಿದ್ದು, ರಾತ್ರಿ ಎಲ್ಲಿತ್ತು? ಕಾಚಂಪುಳಿ ರಾತ್ರಿಯೇ ಹಾಕಿದ್ರಾ, ಬೆಳಿಗ್ಗೆ ಹಾಕಿದ್ರಾ?

ಸುಂಟಿಕೊಪ್ಪ ಎಕ್ಸ್‌ಪ್ರೆಸ್

ಸರ್ ಪೊಲೀಸ್ ಸ್ಟೇಷನ್‌ನಲ್ಲಿ ಇರಬೇಕಿತ್ತು.

ಮೂರ್ನಾಡು ಮಳೆ

ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದೇನೆ ಸರ್.

ಬೇಧಿ ಆದವರೆಲ್ಲ ಮಾಂಸ ತಿಂದವರೇ. ಪಕ್ಕದ ಮನೆಯ ಭಟ್ಟರ ಕುಟುಂಬ ನಮ್ಮದೇ ಬಾವಿ ನೀರು ಕುಡಿದಿದೆ, ಅವರಿಗೆ ಏನೂ ಆಗಿಲ್ಲ. ಕರಿಯನ್ನು ಶನಿವಾರ ಸಂಜೆ ದೊಡ್ಡ ಹಂಡೆಯಲ್ಲಿ ಬೇಯಿಸಿದರು. ಒಲೆಯ ಮೇಲೇ ಮುಚ್ಚಳ ಹಾಕಿ ಬಿಟ್ಟಿದ್ದು, ಕೆಳಗೆ ಕೆಂಡ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದಾಗ ಇನ್ನೂ ಉಗುರು ಬೆಚ್ಚಗಿತ್ತಂತೆ. ಮೇಲೆ ಕೊಬ್ಬು ಗಟ್ಟಿ ಕಟ್ಟಿರಲಿಲ್ಲ, ಎಣ್ಣೆಯ ಹಾಗೆ ತೇಲುತ್ತಿತ್ತು. ಕಾಚಂಪುಳಿ ಬೆಳಿಗ್ಗೆ ಬಿಸಿ ಮಾಡುವಾಗ ಹಾಕಿದ್ದು.

ಮಕ್ಕಳು ಜಾಸ್ತಿ ತಿಂದಿದ್ದು ಹಣ್ಣು ಹಾಕಿದ ಕಸ್ಟರ್ಡ್. ಅದೂ ಶನಿವಾರ ರಾತ್ರಿಯದೇ. ಕರೆಂಟ್ ಇರಲಿಲ್ಲ, ಫ್ರಿಡ್ಜ್ ಸುಮ್ನೆ ಕಪಾಟಿನ ಹಾಗೆ ನಿಂತಿತ್ತು. ಅದನ್ನು ಆರಿಸಿ ಸೋಸಿ ಇಟ್ಟಿದ್ದು ನನ್ನ ತಮ್ಮ. ತೋಟದಲ್ಲಿ ಕೊಂಬೆ ಕಡಿಯುವಾಗ ಅವನ ಬೆರಳಿಗೆ ಪೆಟ್ಟಾಗಿ ಕೀವು ಆಗಿತ್ತು, ಬಟ್ಟೆ ಸುತ್ತಿಕೊಂಡಿದ್ದ. ಆದರೆ ಬೆಳಿಗ್ಗೆ ಕಸ್ಟರ್ಡನ್ನೂ ಮತ್ತೆ ಕಾಯಿಸಿ, ಆರಿದ ಮೇಲೇ ಹಣ್ಣು ಬೆರೆಸಿದ್ದು!

ಪೆಟ್ರಿತಟ್ಟೆ

ಹಾಗಾದರೆ ಬಾವಿಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಭಟ್ಟರ ಮನೆಯವರೇ ಅದಕ್ಕೆ ಸಾಕ್ಷಿ. ಉಳಿದ ಊಟವನ್ನು ಲ್ಯಾಬಿಗೆ ಕೊಟ್ಟಿದ್ದರೆ ಖಚಿತವಾಗಿ ಗೊತ್ತಾಗುತ್ತಿತ್ತು. ಈಗ ನಮ್ಮ ಕೈಯಲ್ಲಿ ಇರುವುದು ಗಡಿಯಾರ ಮಾತ್ರ. ಆದರೆ ಇಂಥ ವಿಷಯದಲ್ಲಿ ಗಡಿಯಾರ ತುಂಬಾ ಹೇಳುತ್ತದೆ.

ಇಲ್ಲಿ ಕಾಯಿಲೆ ತರುವುದು ಬ್ಯಾಕ್ಟೀರಿಯಾ ಬಿಡುವ ವಿಷ, ಟಾಕ್ಸಿನ್. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ವಿಷ ತಯಾರಾಗಿದ್ದು ಪಾತ್ರೆಯಲ್ಲೋ, ತಿಂದವರ ಹೊಟ್ಟೆಯಲ್ಲೋ? ಕುದಿಸಿದರೆ ಪ್ರಯೋಜನ ಇದೆಯೋ ಇಲ್ಲವೋ ಅನ್ನುವುದು ಇದರ ಮೇಲೇ ನಿಂತಿದೆ.

ಕಸ್ಟರ್ಡ್ ನೋಡಿ. ಕೀವು ಇರುವ ಗಾಯದಲ್ಲಿ ಸಾಮಾನ್ಯವಾಗಿ ಇರುವುದು ಸ್ಟೆಫೈಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ಎಷ್ಟೋ ಜನರ ಮೂಗಿನಲ್ಲೂ ಇರುತ್ತದೆ. ಹಾಲು, ಸಕ್ಕರೆ, ಬೆಚ್ಚಗಿನ ರಾತ್ರಿ ಸಿಕ್ಕರೆ ಅದು ಬೆಳೆದು ಪಾತ್ರೆಯಲ್ಲೇ ವಿಷ ಬಿಡುತ್ತದೆ. ಬೆಳಿಗ್ಗೆ ಕಾಯಿಸಿದಾಗ ಬ್ಯಾಕ್ಟೀರಿಯಾ ಸತ್ತಿರುತ್ತದೆ, ನಿಜ. ಆದರೆ ಅದು ಬಿಟ್ಟ ವಿಷ ಅರ್ಧ ಗಂಟೆ ಕುದಿಸಿದರೂ ಹೋಗುವುದಿಲ್ಲ. ಜಠರದ ರಸಕ್ಕೂ ಬಗ್ಗುವುದಿಲ್ಲ. ಹೊಟ್ಟೆಯ ನರಗಳ ಮೂಲಕ ಮಿದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ವಿಷ ಮೊದಲೇ ರೆಡಿ ಇದ್ದಿದ್ದರಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಹಾಗೇ ಬೇಗ ಮುಗಿಯುತ್ತದೆ ಕೂಡ. ರುಚಿ, ವಾಸನೆ ಯಾವುದೂ ಬದಲಾಗುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬಂದಿರುವುದಿಲ್ಲ.

ಪಂದಿ ಕರಿಯದು ಬೇರೆ ಕಥೆ. ನನ್ನ ಅನುಮಾನ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮೇಲೆ. ಇದು ಮಣ್ಣಿನಲ್ಲೂ ಪ್ರಾಣಿಗಳ ಕರುಳಿನಲ್ಲೂ ಇರುತ್ತದೆ. ಇದರ ಬೀಜಕಣ, ಅಂದರೆ ಸ್ಪೋರ್, ಶನಿವಾರದ ಬೇಯುವಿಕೆಯನ್ನು ತಡೆದುಕೊಂಡು ಉಳಿಯುತ್ತದೆ. ಅದಕ್ಕೆ ಗಾಳಿ ಆಗಲ್ಲ. ದೊಡ್ಡ ಹಂಡೆ, ಒತ್ತೊತ್ತಾಗಿ ಮಾಂಸ, ಮೇಲೆ ಕೊಬ್ಬಿನ ಪದರ ಇದ್ದರೆ ಒಳಗೆ ಗಾಳಿ ಎಲ್ಲಿಂದ ಬರಬೇಕು? 43ರಿಂದ 45 ಡಿಗ್ರಿಯ ಆಸುಪಾಸಿನಲ್ಲಿ ಇದು ಸುಮಾರು 10 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಇಷ್ಟು ಬೇಗ ಬೆಳೆಯುವ ಬ್ಯಾಕ್ಟೀರಿಯಾ ಕಡಿಮೆ. ಬೆಳಿಗ್ಗೆ ಕೊಬ್ಬು ಕಟ್ಟಿರಲಿಲ್ಲ ಅಂದಿರಲ್ಲ, ಅಲ್ಲೇ ಗೊತ್ತಾಯಿತು. ಹಂಡೆ ರಾತ್ರಿಯಿಡೀ ಅದಕ್ಕೆ ಬೇಕಾದ ಬಿಸಿಯಲ್ಲೇ ಇತ್ತು.

ಇದು ವಿಷ ಬಿಡುವುದು ಹೊಟ್ಟೆಗೆ ಹೋದ ಮೇಲೆ. ಜೀವಂತ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಒಳಗೆ ಹೋಗಬೇಕು. ಸಣ್ಣ ಕರುಳಿನಲ್ಲಿ ಮತ್ತೆ ಸ್ಪೋರ್ ಕಟ್ಟುವಾಗ ವಿಷ ಹೊರಬರುತ್ತದೆ. ಆ ವಿಷ ಕರುಳಿನ ಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗಿ ಕೋಶ ಸಾಯುತ್ತದೆ. ಇಷ್ಟೆಲ್ಲ ಆಗಲು ಹೊತ್ತು ಬೇಕು. ಅದಕ್ಕೇ ಹೆಚ್ಚಾಗಿ 8ರಿಂದ 16 ಗಂಟೆ. ನುಲಿತ, ಬೇಧಿ ಇರುತ್ತದೆ. ವಾಂತಿ, ಜ್ವರ ಅಪರೂಪ.

ಹಂಡೆ ಸೌಟು

ಗೋಣಿಕೊಪ್ಪಲು ಕಡೆ ಮದುವೆ ಅಡುಗೆ ಮಾಡುತ್ತೇನೆ. ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಧ್ಯಾಹ್ನ ಕುದಿಸಿದೆವು ಅಂತಾರಲ್ಲ, ಹಂಡೆಯ ಅಂಚಿನಲ್ಲಿ ಗುಳ್ಳೆ ಬಂದರೆ ಎಲ್ಲರೂ ಕುದಿ ಬಂತು ಅಂತಲೇ ಹೇಳುತ್ತಾರೆ. ತಳ ಹಿಡಿಯುತ್ತೆ ಅಂತ ಉರಿ ಸಣ್ಣ ಮಾಡುತ್ತಾರೆ, ತುಂಡು ಮುರಿಯುತ್ತೆ ಅಂತ ಸೌಟು ಹಾಕುವುದಿಲ್ಲ. ನಡುವಿನ ತುಂಡು ಬೆಚ್ಚಗೆ ಮಾತ್ರ ಆಗಿರುತ್ತದೆ. ಒಂದು ತುಂಡು ತೆಗೆದು ಬಾಯಿಗಿಟ್ಟು ನೋಡಿ, ನಾಲಿಗೆ ಸುಡದಿದ್ದರೆ ಅದು ಬಿಸಿಯೇ ಆಗಿಲ್ಲ.

ಪೆಟ್ರಿತಟ್ಟೆ

ಸೌಟು ಅಣ್ಣ ಸರಿಯಾದ ಜಾಗಕ್ಕೆ ಬಂದರು. ಪರ್ಫ್ರಿಂಜೆನ್ಸ್ ವಿಷಯದಲ್ಲಿ ನಡುವಿನ ತುಂಡಿನವರೆಗೂ ಕುದಿಸಿದ್ದರೆ ಉಪಯೋಗ ಇತ್ತು, ಯಾಕೆಂದರೆ ಜೀವಂತ ಬ್ಯಾಕ್ಟೀರಿಯಾ ಸಾಯುತ್ತಿತ್ತು. ಕಸ್ಟರ್ಡಿಗೆ ಎಷ್ಟು ಕುದಿಸಿದ್ದರೂ ಉಪಯೋಗ ಇರಲಿಲ್ಲ.

ಕಾಳುಮೆಣಸು

ಕಾಚಂಪುಳಿಗೆ ಉತ್ತರ ಕೊಡಲಿಲ್ಲ ನೀವು.

ಪೆಟ್ರಿತಟ್ಟೆ

ಕೊಡುತ್ತೇನೆ ಅಂಕಲ್. ಹುಳಿ ಇದನ್ನು ತಡೆಯುತ್ತದೆ, ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 5ಕ್ಕಿಂತ ಕೆಳಗೆ ಪರ್ಫ್ರಿಂಜೆನ್ಸ್ ಬೆಳೆಯುವುದಿಲ್ಲ. ಆದರೆ ಈ ಮನೆಯಲ್ಲಿ ಕಾಚಂಪುಳಿ ಬಿದ್ದಿದ್ದು ಬೆಳಿಗ್ಗೆ. ಬೆಳೆಯುವುದೆಲ್ಲ ಬೆಳೆದು ಮುಗಿದಿತ್ತು. ರಾತ್ರಿಯೇ ಹಾಕಿದ್ದರೂ, ಇಡೀ ಹಂಡೆಗೆ ಬಣ್ಣಕ್ಕೆ, ರುಚಿಗೆ ಅಂತ ಹಾಕುವ ಒಂದೆರಡು ಸೌಟನ್ನು ನಂಬಿ ನಾನಂತೂ ರಾತ್ರಿಯಿಡೀ ಬೆಚ್ಚಗೆ ಇಡುವುದಿಲ್ಲ. ಅಜ್ಜಂದಿರು ಮರುದಿನ ತಿಂದರು ನಿಜ, ಆದರೆ ಆ ಹಂಡೆ ಎಷ್ಟು ದೊಡ್ಡದಿತ್ತು? ಮನೆಮಂದಿಗೆ ಮಾಡಿದ ಸಣ್ಣ ಪಾತ್ರೆ ನಮ್ಮ ಚಳಿಗೆ ಬೇಗ ಆರುತ್ತದೆ. ಎಂಬತ್ತು ಜನರ ಹಂಡೆ ಆರುವುದಿಲ್ಲ.

ಸುಂಟಿಕೊಪ್ಪ ಎಕ್ಸ್‌ಪ್ರೆಸ್

ಹಂದಿ ಮಾಂಸದ ಬ್ಯಾಕ್ಟೀರಿಯಾದಿಂದ ಪಪುವಾ ನ್ಯೂಗಿನಿಯಲ್ಲಿ ಮಕ್ಕಳು ಸತ್ತಿದ್ದರು ಅಂತ ಎಲ್ಲೋ ಓದಿದ ನೆನಪು. ಇದೇನಾ ಅದು? ಅಮ್ಮ ಈಗಲೇ ಪಂದಿ ಕರಿ ಬಂದ್ ಅಂತಿದ್ದಾರೆ.

ಪೆಟ್ರಿತಟ್ಟೆ

ಬಂದ್ ಮಾಡಬೇಡಿ ಅಂತ ಹೇಳು! ಅದೇ ಬ್ಯಾಕ್ಟೀರಿಯಾ, ಆದರೆ ಸಿ ಅನ್ನುವ ಬೇರೆ ಬಗೆ, ಬೇರೆ ವಿಷ. ಆ ಕಾಯಿಲೆಗೆ ಅಲ್ಲಿ ಪಿಗ್‌ಬೆಲ್ ಅಂತ ಹೆಸರು. ಗುಡ್ಡಗಾಡಿನ ಜನ ಹಬ್ಬಕ್ಕೆ ಹಂದಿ ಕೊಯ್ದು, ನೆಲದಲ್ಲಿ ಗುಂಡಿ ತೋಡಿ ಬಿಸಿ ಕಲ್ಲಿನ ಮೇಲೆ ಬೇಯಿಸುತ್ತಿದ್ದರು. ಮಾಂಸ ಪೂರ್ತಿ ಬೇಯುತ್ತಿರಲಿಲ್ಲ. ಆ ಬೀಟಾ ವಿಷ ಸಣ್ಣ ಕರುಳನ್ನೇ ಕೊಳೆಸುತ್ತದೆ.

ನಮ್ಮ ಹೊಟ್ಟೆಗೆ ಅಂಥ ವಿಷ ಬಂದರೆ ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್ ಅನ್ನುವ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಅಲ್ಲಿನ ಮಕ್ಕಳ ದಿನನಿತ್ಯದ ಊಟ ಸಿಹಿಗೆಣಸು. ಗೆಣಸಿನಲ್ಲಿ ಟ್ರಿಪ್ಸಿನ್ ತಡೆಯುವ ಅಂಶ ಇದೆ. ಪ್ರೋಟೀನ್ ಕಮ್ಮಿ ತಿನ್ನುವ ಮಕ್ಕಳಲ್ಲಿ ಟ್ರಿಪ್ಸಿನ್ನೇ ಕಮ್ಮಿ. ಮೇಲೆ ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಅದೂ ಟ್ರಿಪ್ಸಿನ್ ತಡೆಯುವ ವಸ್ತು ಬಿಡುತ್ತದೆ. ಇವೆಲ್ಲ ಒಟ್ಟಿಗೆ ಸೇರಿದ್ದಕ್ಕೆ ಅಷ್ಟು ಸಾವು. ಎರಡನೇ ಮಹಾಯುದ್ಧ ಮುಗಿದು ಹಸಿವಿನಲ್ಲಿದ್ದ ಜರ್ಮನಿಯಲ್ಲೂ ಇಂಥದ್ದೇ ಕಾಯಿಲೆ ಕಾಣಿಸಿಕೊಂಡಿತ್ತು. ವಿಷ ಒಂದೇ, ಆದರೆ ಯಾರ ಹೊಟ್ಟೆಗೆ ಬಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪಾಠ ಮಾಡುವಾಗ ನಾನು ಪ್ರತಿ ವರ್ಷ ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ.

ಹಂಡೆ ಸೌಟು

ಅನ್ನದ ಬಗ್ಗೆಯೂ ಹೇಳಿ ಸರ್. ಉಳಿದ ತುಪ್ಪದನ್ನ ಮರುದಿನ ಒಗ್ಗರಣೆ ಹಾಕುವವರು ಜಾಸ್ತಿ.

ಪೆಟ್ರಿತಟ್ಟೆ

ಅಲ್ಲಿರುವುದು ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ. ಸ್ಪೋರ್ ಅಕ್ಕಿಯಲ್ಲೇ ಬರುತ್ತದೆ. ಅನ್ನ ಹೊರಗೆ ಬಿಟ್ಟರೆ ಮೊಳೆತು ಸೆರ್ಯುಲೈಡ್ ಅನ್ನುವ ವಿಷ ಬಿಡುತ್ತದೆ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ಜಗ್ಗಲ್ಲ, ಬಾಣಲೆ ಯಾವ ಲೆಕ್ಕ? ಇದೂ ಕಸ್ಟರ್ಡ್ ಗುಂಪಿಗೇ ಸೇರಿದ್ದು, ಬೇಗ ವಾಂತಿ.

ಲೈನ್‌ಮನೆ ಮೇಸ್ತ್ರಿ

ನಮ್ಮ ಕಡೆಯ ಪ್ರಶ್ನೆ ಬೇರೆ. ಸಿದ್ದಾಪುರದ ಹತ್ತಿರ ತೋಟದ ಲೈನ್ ಮನೆಗಳಲ್ಲಿ (ಕೆಲಸದವರ ಸಾಲು ಮನೆ) ಮಳೆಗಾಲ ಬಂತು ಅಂದರೆ ಮಕ್ಕಳಿಗೆ ಬೇಧಿ. ಇದು ಊಟದ್ದಲ್ಲ, ನೀರಿನದೇ. ಆಸ್ಪತ್ರೆಗೆ ಹೋದರೆ ಓಆರ್‌ಎಸ್ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಜನ ನನ್ನ ಮೇಲೆ ಸಿಟ್ಟಾಗುತ್ತಾರೆ. ಉಪ್ಪು ಸಕ್ಕರೆ ನೀರು ಕುಡಿಸಲು ಇಲ್ಲಿವರೆಗೆ ಜೀಪ್ ಮಾಡಿಕೊಂಡು ಬರಬೇಕಿತ್ತಾ ಅಂತ. ಅದು ನಿಜವಾಗಿ ಕೆಲಸ ಮಾಡುತ್ತಾ, ಇಲ್ಲ ಸಮಾಧಾನಕ್ಕಾ?

ಹಳೇ ಸಿಸ್ಟರ್

ಅದು ಸಮಾಧಾನಕ್ಕಲ್ಲ ಮೇಸ್ತ್ರಿ. ನಾನು ವಾರ್ಡಿನಲ್ಲಿ ಕೆಲಸಕ್ಕೆ ಸೇರಿದಾಗ ಹಿರಿಯ ಸಿಸ್ಟರ್‌ಗಳು ಮೊದಲು ಕಲಿಸಿದ್ದೇ ಅದು. ಯಾಕೆ ಕೆಲಸ ಮಾಡುತ್ತೆ ಅಂತ ಮೇಷ್ಟ್ರು ಹೇಳಲಿ. ಹೇಗೆ ಕುಡಿಸಬೇಕು ಅಂತ ನಾನು ಆಮೇಲೆ ಬರೆಯುತ್ತೇನೆ.

ಪೆಟ್ರಿತಟ್ಟೆ

ಆಗಲಿ ಸಿಸ್ಟರ್. ಕಾಲರಾದಿಂದ ಶುರು ಮಾಡುತ್ತೇನೆ. ಪ್ರವಾಸ ಹೋದವರಿಗೆ, ಮಕ್ಕಳಿಗೆ ಆಗುವ ಬೇಧಿಗೆ ಎಷ್ಟೋ ಸಲ ಕಾರಣ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಒಂದು ಬಗೆ. ಅದು ಬಿಡುವ ಒಂದು ವಿಷ ಹೆಚ್ಚೂ ಕಡಿಮೆ ಕಾಲರಾ ವಿಷದ್ದೇ ತರಹ.

ಕಾಲರಾ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವುದಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತದೆ, ಅಷ್ಟೇ. ವಿಷದಲ್ಲಿ ಎರಡು ಭಾಗ. ಬಿ ಭಾಗದ ಐದು ತುಣುಕು ಕೋಶದ ಮೇಲಿನ ಜಿಎಂ1 ಅನ್ನುವ ಕೊಬ್ಬಿನ ಅಣುವನ್ನು ಹಿಡಿದುಕೊಳ್ಳುತ್ತವೆ. ಎ ಭಾಗ ಒಳಗೆ ಹೋಗಿ ಕೋಶದ ಒಂದು ಪ್ರೋಟೀನನ್ನು ಬದಲಾಯಿಸುತ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಬಿಟ್ಟಾಗ ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡ ಹಾಗೆ, ಆ ಪ್ರೋಟೀನ್ ಮತ್ತೆ ಬಂದ್ ಆಗುವುದಿಲ್ಲ. ಕೋಶದಲ್ಲಿ ಸೈಕ್ಲಿಕ್ ಎಎಂಪಿ ಅನ್ನುವ ಸುದ್ದಿ ಮುಟ್ಟಿಸುವ ಅಣು ಏರುತ್ತಲೇ ಇರುತ್ತದೆ, ಕ್ಲೋರೈಡ್ ಹೊರಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ನೀರು. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್ ನೀರು ಹೋಗಬಹುದು. ಅಕ್ಕಿ ತೊಳೆದ ನೀರಿನ ಬಣ್ಣದ ಬೇಧಿ. ಆದರೂ ಕರುಳಿನ ಕೋಶಕ್ಕೆ ಗಾಯ ಆಗಿರುವುದಿಲ್ಲ.

ಓಆರ್‌ಎಸ್ ಕೆಲಸ ಮಾಡುವುದು ಈ ಕಾರಣಕ್ಕೆ. ಅದೇ ಕೋಶದಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆ ಎಳೆದುಕೊಳ್ಳುವ ಇನ್ನೊಂದು ಪ್ರೋಟೀನ್ ಇದೆ. ಕಾಲರಾ ವಿಷ ಅದನ್ನು ಮುಟ್ಟುವುದಿಲ್ಲ. ಬರೀ ನೀರು ಕುಡಿಸಿದರೆ ಹಾಗೇ ಹೊರಗೆ ಹೋಗುತ್ತದೆ. ಉಪ್ಪು ಮತ್ತು ಗ್ಲೂಕೋಸ್ ಅಳತೆಯಲ್ಲಿ ಸೇರಿದ್ದರೆ ಎರಡೂ ಒಳಗೆ ಹೋಗಿ ನೀರನ್ನೂ ಎಳೆದುಕೊಳ್ಳುತ್ತವೆ. ಬೇಧಿ ತಕ್ಷಣ ನಿಲ್ಲದೇ ಇರಬಹುದು, ಜನ ನಿರಾಶೆ ಆಗುವುದು ಅಲ್ಲೇ. ಆದರೆ ಮೈಯ ನೀರು ಉಳಿಯುತ್ತದೆ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಕ್ಕೆ ಉದುರಿ ಹೊಸವು ಬರುತ್ತವೆ. ಅಲ್ಲಿಯವರೆಗೆ ರೋಗಿಯನ್ನು ಉಳಿಸಿಕೊಂಡರೆ ಆಯಿತು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಕ್ಯಾಂಪಿಗೆ ಬಂದಾಗ ಕಾಲರಾ ಹರಡಿತು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲಲಿಲ್ಲ. ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಮನೆಯವರೇ ರೋಗಿಗೆ ಕುಡಿಸುವ ಹಾಗೆ ಮಾಡಿದರು. ಸಾವಿನ ಪ್ರಮಾಣ ಶೇ 30ರ ಹತ್ತಿರದಿಂದ ಶೇ 4ಕ್ಕಿಂತ ಕೆಳಗೆ ಬಂತು. ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಕಾಲರಾಕ್ಕೆ ಕಾರಣ ಕರುಳಿನ ಮೇಲೆ ಕೆಲಸ ಮಾಡುವ ವಿಷ ಅಂತ ತೋರಿಸಿದವರೂ ಕೋಲ್ಕತ್ತದವರೇ, ಶಂಭುನಾಥ್ ಡೇ. ರಾಬರ್ಟ್ ಕಾಖ್ 1884ರಲ್ಲಿ ಅದೇ ಊರಿನಲ್ಲಿ ಬ್ಯಾಕ್ಟೀರಿಯಾ ಗುರುತಿಸಿ, ವಿಷ ಇರಬೇಕು ಅಂದಿದ್ದರು. ಆಮೇಲೆ ಎಷ್ಟೋ ಜನ ಹುಡುಕಿದರು, ಸಿಗಲಿಲ್ಲ. ಡೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಬ್ಯಾಕ್ಟೀರಿಯಾ ಪೂರ್ತಿ ಸೋಸಿ ತೆಗೆದ ದ್ರವವನ್ನು ಅದರೊಳಗೆ ಬಿಟ್ಟರು. ಬ್ಯಾಕ್ಟೀರಿಯಾ ಒಂದೂ ಇಲ್ಲ, ಆದರೂ ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಬಂತು. ಕುದಿಸಿದ ಕಸ್ಟರ್ಡ್ ಬಗ್ಗೆ ಇವತ್ತು ಮೂರ್ನಾಡಿನಲ್ಲಿ ನಡೆಯುತ್ತಿರುವ ಜಗಳಕ್ಕೂ ಉತ್ತರ ಅದೇ. ಬ್ಯಾಕ್ಟೀರಿಯಾ ಇಲ್ಲದೆಯೂ ವಿಷ ಕೆಲಸ ಮಾಡುತ್ತದೆ.

ಸುಂಟಿಕೊಪ್ಪ ಎಕ್ಸ್‌ಪ್ರೆಸ್

ಇವರ ಹೆಸರು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ ಸರ್. ಕಾಖ್‌ಗೆ ಎರಡು ಪುಟ ಇದೆ.

ಪೆಟ್ರಿತಟ್ಟೆ

ನೊಬೆಲ್ ಕೂಡ ಬರಲಿಲ್ಲ. ಜೋಶುವಾ ಲೆಡರ್‌ಬರ್ಗ್ ಅನ್ನುವ ನೊಬೆಲ್ ವಿಜೇತ ವಿಜ್ಞಾನಿ ಡೇ ಅವರ ಹೆಸರು ಸೂಚಿಸಿದ್ದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಳೇ ಸಿಸ್ಟರ್

ಈಗ ಕುಡಿಸುವ ಕ್ರಮ. ಮೇಸ್ತ್ರಿ, ಇದನ್ನು ಲೈನಿನಲ್ಲಿ ಓದಿ ಹೇಳಿ.

ಒಂದು ಲೀಟರಿನ ಪೊಟ್ಟಣ ಅಂದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕುವುದು ಬೇಡ. ನಮ್ಮಲ್ಲಿ ಜಾಸ್ತಿ ನಡೆಯುವ ತಪ್ಪು ಅದೇ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬೇಧಿ ಆದ ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಶುರು ಮಾಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆ ತಟ್ಟಿ ಸಮ ಮಾಡಿ. ಸಿಹಿ ಇರಲಿ ಅಂತ ಸಕ್ಕರೆ ಜಾಸ್ತಿ ಹಾಕಿದರೆ ಬೇಧಿ ಇನ್ನೂ ಹೆಚ್ಚುತ್ತದೆ. ಅಂಗಡಿಯ ಜ್ಯೂಸ್ ಡಬ್ಬಿಯೂ ಅಷ್ಟೇ.

ಆರು ತಿಂಗಳು ದಾಟಿದ ಮಗುವಿಗೆ ಸಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಆಶಾ ಅಕ್ಕನ ಹತ್ತಿರ ಕೇಳಿ. ಬೇಧಿ ನಿಂತರೂ ಮಾತ್ರೆ ನಿಲ್ಲಿಸಬೇಡಿ. ಎದೆಹಾಲು, ಗಂಜಿ ಯಾವುದನ್ನೂ ಬಿಡಿಸಬೇಡಿ.

ಕಣ್ಣು ಗುಳಿ ಬಿದ್ದಿದ್ದರೆ, ಮೂತ್ರ ಬಾರದಿದ್ದರೆ, ಮಗು ಮಂಕಾಗಿ ಕುಡಿಯಲು ಒಲ್ಲೆ ಅಂದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮನೆಯಲ್ಲಿ ಕೂರಬೇಡಿ. ಬೇಧಿಯಲ್ಲಿ ರಕ್ತ ಕಂಡರೂ ಅಷ್ಟೇ.

ಲೈನ್‌ಮನೆ ಮೇಸ್ತ್ರಿ

ಉಪಕಾರ ಆಯಿತು ಸಿಸ್ಟರ್. ಅಸ್ಸಾಂನಿಂದ ಬಂದವರಿಗೆ ಹಿಂದಿಯಲ್ಲಿ ಹೇಳುತ್ತೇನೆ. ರಕ್ತ ಬಂದರೆ ಮೆಡಿಕಲ್ ಶಾಪಿನಲ್ಲಿ ಬೇಧಿ ನಿಲ್ಲುವ ಮಾತ್ರೆ, ಆ್ಯಂಟಿಬಯೋಟಿಕ್ ಎರಡೂ ಕೊಡುತ್ತಾರೆ. ಅದು ಸಾಲದಾ?

ಪೆಟ್ರಿತಟ್ಟೆ

ಬೇಡ. ರಕ್ತಬೇಧಿ ಅಂದರೆ ಕರುಳಿಗೆ ಗಾಯ ಆಗಿದೆ. ಕಿಯೋಶಿ ಶಿಗಾ ಅನ್ನುವ ಜಪಾನಿ ವಿಜ್ಞಾನಿ 1897ರ ಆಮಶಂಕೆಯ ಹಾವಳಿಯಲ್ಲಿ ಇದರ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದರ ಒಂದು ಬಗೆ ಬಿಡುವ ವಿಷಕ್ಕೆ ಅವರದೇ ಹೆಸರಿದೆ, ಶಿಗಾ ಟಾಕ್ಸಿನ್. ಅದು ಕೋಶ ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಇ. ಕೋಲಿಯ ಕೆಲವು ಬಗೆಗಳೂ ಇದೇ ವಿಷ ಬಿಡುತ್ತವೆ. ಆಗ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಬಹುದು, ಮಕ್ಕಳಲ್ಲಿ ಜಾಸ್ತಿ. ಕೆಲವು ಆ್ಯಂಟಿಬಯೋಟಿಕ್‌ಗಳಿಂದ ಈ ಇ. ಕೋಲಿ ಇನ್ನೂ ಹೆಚ್ಚು ವಿಷ ಬಿಡುತ್ತದೆ. ಆದರೆ ಆಮಶಂಕೆಗೆ ಆ್ಯಂಟಿಬಯೋಟಿಕ್ಕೇ ಬೇಕು. ಯಾವುದು ಅಂತ ಡಾಕ್ಟರ್ ನೋಡಿಯೇ ಹೇಳಬೇಕು. ಬೇಧಿ ಕಟ್ಟುವ ಮಾತ್ರೆ ನುಂಗಿದರೆ ವಿಷ ಒಳಗೇ ಉಳಿಯುತ್ತದೆ.

2011ರಲ್ಲಿ ಜರ್ಮನಿಯಲ್ಲಿ ಈ ವಿಷ ಬಿಡುವ ಇ. ಕೋಲಿಯ ಹಾವಳಿಯೇ ಆಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಾರಣ ಮೊಳಕೆ ಬರಿಸಿದ ಮೆಂತ್ಯ, ಹಸಿಯಾಗಿ ತಿಂದಿದ್ದು.

ಕಾಳುಮೆಣಸು

ಹಾಗಾದರೆ ಮಾಂಸ ತಿನ್ನದವರಿಗೂ ಬಿಡುಗಡೆ ಇಲ್ಲ ಅನ್ನಿ. ಸ್ವಲ್ಪ ಸಮಾಧಾನ ಆಯಿತು.

ಮೂರ್ನಾಡು ಮಳೆ

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ತಮ್ಮ ಬೆರಳು ಮುಚ್ಚಿಕೊಂಡು ಓಡಾಡುತ್ತಿದ್ದಾನೆ. ಕೈಲ್‌ಪೊಳ್ದ್‌ಗೆ ಮತ್ತೆ ನಲವತ್ತು ಜನ ಹಬ್ಬದೂಟಕ್ಕೆ ಸೇರುತ್ತಾರೆ. ಬೆಳಿಗ್ಗೆ ಎದ್ದು ಅಷ್ಟು ಮಾಂಸ ಬೇಯಿಸಲು ಆಗಲ್ಲ. ಹಿಂದಿನ ದಿನವೇ ಮಾಡಬೇಕು ಅಂದರೆ ಏನು ಮಾಡೋದು ಸೌಟು ಅಣ್ಣ?

ಹಂಡೆ ಸೌಟು

ಮಾಡಿ, ತೊಂದರೆ ಇಲ್ಲ. ಬೆಂದ ತಕ್ಷಣ ಒಲೆಯಿಂದ ಇಳಿಸಿ. ಹಂಡೆಯಲ್ಲೇ ಬಿಡಬೇಡಿ. ಅಗಲ ಬಾಯಿಯ ತಟ್ಟೆ, ಪರಾತಗಳಿಗೆ ನಾಲ್ಕು ಬೆರಳು ಎತ್ತರಕ್ಕೆ ಹಂಚಿ. ಆ ಪರಾತಗಳನ್ನು ತಣ್ಣೀರಿನ ದೊಡ್ಡ ಪಾತ್ರೆಯಲ್ಲಿ ಕೂರಿಸಿ, ನೀರು ಬೆಚ್ಚಗಾದ ಹಾಗೆ ಬದಲಾಯಿಸಿ, ಆಗಾಗ ತಿರುವುತ್ತಿರಿ. ಎರಡು ಗಂಟೆಯೊಳಗೆ ಕೈಗೆ ತಣ್ಣಗೆ ಆಗಬೇಕು. ಆಮೇಲೆ ಫ್ರಿಡ್ಜ್. ಕರೆಂಟ್ ನಂಬುವ ಹಾಗಿಲ್ಲದಿದ್ದರೆ ಮಾಂಸ ತೊಳೆದು, ಹೆಚ್ಚಿ, ಐಸ್ ಹಾಕಿದ ಪೆಟ್ಟಿಗೆಯಲ್ಲಿ ಹಸಿಯಾಗಿಯೇ ಇಡಿ, ಮಸಾಲೆ ಹುರಿದು ಪುಡಿ ಮಾಡಿಟ್ಟುಕೊಳ್ಳಿ, ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ. ನಲವತ್ತು ಜನಕ್ಕೆ ಒಂದು ದೊಡ್ಡ ಹಂಡೆಯ ಬದಲು ಎರಡು ಸಣ್ಣದು ಇಟ್ಟರೆ ಒಂಬತ್ತಕ್ಕೆಲ್ಲ ಮುಗಿಯುತ್ತದೆ. ಬಡಿಸುವವರೆಗೆ ಸಣ್ಣ ಉರಿಯ ಮೇಲೇ ಇರಲಿ, ಮುಟ್ಟಿದರೆ ಸುಡಬೇಕು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಿಸಿ ಬಿಸಿ ಹಬೆಯಲ್ಲಿ ಬೇಯಿಸಿದ್ದೇ ಒಳ್ಳೆಯದು, ಹಿಂದಿನ ದಿನದ್ದು ಬೇಡ. ಸಿಹಿಗೆ ಕಸ್ಟರ್ಡ್ ಬಿಟ್ಟು ಪಾಯಸ ಮಾಡಿ, ಒಲೆಯಿಂದ ನೇರ ಎಲೆಗೆ.

ಮೂರ್ನಾಡು ಮಳೆ

ಪರಾತ ನಮ್ಮಲ್ಲಿ ಎರಡೇ ಇದೆ. ಪಕ್ಕದ ಮನೆ ಭಟ್ಟರ ಹತ್ತಿರ ಕೇಳೋಣ ಅಂದರೆ ಪಂದಿ ಕರಿಗೆ ಕೊಡುತ್ತಾರಾ ಗೊತ್ತಿಲ್ಲ.

ಹಂಡೆ ಸೌಟು

ನಾನು ಕೊಡುತ್ತೇನೆ, ಹಿಂದಿನ ಸಂಜೆ ಗೋಣಿಕೊಪ್ಪಲಿಗೆ ಯಾರನ್ನಾದರೂ ಕಳಿಸಿ. ತೊಳೆದು ವಾಪಸ್ ಕೊಡಬೇಕು ಅಷ್ಟೇ.